ಅನುತ್ತೀರ್ಣನಾದ ಮೇಲೆ



ಸೇಡಂನಿಂದ ಕುರಕುಂಟಾಕ್ಕೆ ಹೋಗುವ ರಸ್ತೆಯನ್ನು ಬಲ್ಲವರಿಗೆ ಅಲ್ಲಿಯ ಸಂಚಾರ ಎಂಥದೆಂದು ವಿವರಿಸಬೇಕಾಗಿಲ್ಲ. ಸಿಮೆಂಟು ತುಂಬಿದ ಲಾರಿಗಳು, ಹಾಸುಗಲ್ಲು ಹೇರಿದ ಟ್ರ್ಯಾಕ್ಟರುಗಳು, ತೊಗರಿಯ ಸುಗ್ಗಿಯಾದರೆ ಮೂಟೆಗಳ ಮೇಲೆಯೇ ಕುಳಿತ ಕೂಲಿಯಾಳುಗಳು, ಇವೆಲ್ಲದರ ನಡುವೆ ಸೈಕಲ್ ತುಳಿಯುತ್ತಾ ಶಾಲೆಗೆ ಹೋಗುವ ಮಕ್ಕಳು. ಕುರಕುಂಟಾದ ಸರ್ಕಾರಿ ಸಿಮೆಂಟು ಕಾರ್ಖಾನೆ 1998ರಲ್ಲಿ ನಿಂತುಹೋಯಿತು. ಆದರೆ ಸೇಡಂ, ಮಳಖೇಡ, ವಾಡಿಗಳ ಕಾರ್ಖಾನೆಗಳ ದೆಸೆಯಿಂದ ಲಾರಿಗಳು ನಿಂತಿಲ್ಲ. ಕಾರ್ಖಾನೆಯೊಳಗೆ ಕೆಲಸ ಸಿಗದ ಯುವಕನಿಗೆ ಈ ಭಾಗದಲ್ಲಿ ಮೊದಲು ಹೊಳೆಯುವ ಉದ್ಯೋಗವೇ ಚಾಲಕನದು.

ಕಳೆದ ವರ್ಷ ಅಲ್ಲಿಯ ಒಂದು ಕುಟುಂಬವನ್ನು ಸಂದರ್ಶಿಸಲು ಹೋಗಿದ್ದೆ. ಮನೆಯ ಹಿರಿಯ ಮಗ ಮೂಲೆಯಲ್ಲಿ ಮುಖ ತಗ್ಗಿಸಿ ಕುಳಿತಿದ್ದ. ತಾಯಿ ಚಹಾ ತಂದಿಡುತ್ತಾ, "ಗಾಡಿ ಪರೀಕ್ಷಾದಾಗ ಫೇಲ್ ಆಗ್ಯಾನ್ರಿ ಫಾದರ್. ಎರಡು ದಿನ ಆತು, ಸರಿಯಾಗಿ ಊಟಾನೂ ಮಾಡವಲ್ಲ" ಎಂದರು. ನಾನು ಸಮಾಧಾನದ ಎರಡು ಮಾತು ಆಡುವಷ್ಟರಲ್ಲಿ ಅವನೇ ಬಾಯಿಬಿಟ್ಟ: "ಎಲ್ಲಾರೂ ಏಜೆಂಟನ ಕಡಿಂದೇ ಮಾಡಿಸ್ಕೋತಾರ್ರಿ ಫಾದರ್. ನಾ ಒಬ್ಬಾವನೇ ಯಾಕ ಮತ್ತ ಮತ್ತ ಪರೀಕ್ಷಾ ಕೊಡಬೇಕ್ರಿ?"

ಅದು ಸಿಟ್ಟಿನ ಮಾತಾಗಿದ್ದರೂ ಪ್ರಾಮಾಣಿಕವಾದ ಪ್ರಶ್ನೆ. ಗುರುಮಠದಲ್ಲಿ ನಾಲ್ಕಾರು ವರ್ಷ ನೀತಿಶಾಸ್ತ್ರ ಓದಿದ ನನ್ನಂಥವನ ಬಾಯಲ್ಲಿ ಸಿದ್ಧ ಉತ್ತರವೊಂದು ಇದ್ದೇ ಇರಬೇಕಿತ್ತು. ಆದರೆ ಉತ್ತರ ಗಂಟಲಲ್ಲೇ ಉಳಿಯಿತು. ಏಕೆಂದು ತಮ್ಮ ಮುಂದೆ ಹೇಳಿಬಿಡುತ್ತೇನೆ.

ನಾನು ಹೊಸದಾಗಿ ಗುರುಪಟ್ಟ ಪಡೆದಿದ್ದಾಗ ಹಳ್ಳಿಗಳಿಗೆ ಹೋಗಿಬರಲು ಬೈಕು ಕೊಟ್ಟರು. ಹೆಸರು ಬೇಡವಾದ ಒಂದು ಊರಿನಲ್ಲಿ ಪರಿಚಯಸ್ಥರೊಬ್ಬರು ನನ್ನಿಂದ ಎರಡು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಕೆಲವು ದಿನಗಳಲ್ಲಿ ಲೈಸೆನ್ಸು ಕೈಗೆ ಬಂತು. ಮೈದಾನಕ್ಕೆ ನಾನು ಹೋಗಲೇ ಇಲ್ಲ. "ಫಾದರ್‌ಗೆ ಪರೀಕ್ಷೆ ಏತಕ್ಕೆ" ಎಂದು ಅವರು ನಕ್ಕರು, ನಾನೂ ನಕ್ಕೆ. ಪಾಪನಿವೇದನೆಗೆ ಕುಳಿತವರ ಎಷ್ಟೋ ಸಣ್ಣ ಸುಳ್ಳುಗಳನ್ನು ಕೇಳಿದ ನನಗೆ ಇದು ನಿವೇದಿಸಬೇಕಾದ ವಿಷಯವೆಂದು ಬಹಳ ವರ್ಷ ತೋರಲೇ ಇಲ್ಲ.

ಐವತ್ತು ದಾಟಿದ ಮೇಲೆ ಬೆನ್ನುನೋವಿನಿಂದಾಗಿ ಬೈಕು ಬಿಟ್ಟು ಕಾರು ಕಲಿಯಬೇಕಾಯಿತು. ಈ ಬಾರಿ ಸರಿಯಾಗಿ ಮೈದಾನಕ್ಕೇ ಹೋದೆ, ಅನುತ್ತೀರ್ಣನಾದೆ. ಮುಂದಕ್ಕೆ ಓಡಿಸಿದ್ದೆಲ್ಲ ಸರಿಯಾಗಿತ್ತು. ಹಿಂದಕ್ಕೆ ತೆಗೆದುಕೊಳ್ಳುವಾಗ ಕಂಬಕ್ಕೆ ತಾಗಿಸಿದೆ. ಹೊರಗೆ ಸಾಲುಗಟ್ಟಿದ್ದ ಹದಿನೆಂಟು ಇಪ್ಪತ್ತರ ಹುಡುಗರು ಬಿಳಿಯ ನಿಲುವಂಗಿಯ ಈ ಅಭ್ಯರ್ಥಿಯನ್ನು ನೋಡುತ್ತಿದ್ದರು. (ನಿಲುವಂಗಿ ಹಾಕಿಕೊಂಡು ಹೋದದ್ದು ಏಕೆಂದು ತಾವು ಕೇಳಬಹುದು. ಸ್ವಲ್ಪ ಗೌರವ ಸಿಕ್ಕೀತೆಂಬ ಆಸೆಯಿಂದಲೇ.) ಅಂದು ನನಗಾದ ಅವಮಾನ ಕಂಬದಿಂದಾದದ್ದಲ್ಲ. ಇಷ್ಟು ವರ್ಷ ಜೇಬಿನಲ್ಲಿದ್ದ ಹಳೆಯ ಲೈಸೆನ್ಸಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ಅಲ್ಲಿ ಥಟ್ಟನೆ ಹೊಳೆಯಿತು.

ಕಾನೂನು ಅನುತ್ತೀರ್ಣರನ್ನು ಹೇಗೆ ಕಾಣುತ್ತದೆಂಬುದು ಗಮನಿಸತಕ್ಕದ್ದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಮ್ಮೆ ಸೋತವನು ಏಳು ದಿನಗಳ ನಂತರ ಮತ್ತೆ ಪರೀಕ್ಷೆಗೆ ಬರಬಹುದು. ಮೂರು ಸಲ ಸೋತರೆ ಅರುವತ್ತು ದಿನ ಕಾಯಬೇಕು. 2019ರ ತಿದ್ದುಪಡಿಯ ನಂತರ ಅಂಥವನು ತರಬೇತಿ ಶಾಲೆಯಲ್ಲಿ ಪರಿಹಾರ ಶಿಕ್ಷಣವನ್ನೂ ಪಡೆಯಬೇಕು. ಇದರಲ್ಲಿ ದಂಡನೆಯ ದನಿಯೇ ಇಲ್ಲ. 'ನೀನು ಅಯೋಗ್ಯ' ಎಂದು ಕಾಯಿದೆ ಎಲ್ಲಿಯೂ ಹೇಳುವುದಿಲ್ಲ, 'ಇನ್ನೂ ಆಗಿಲ್ಲ' ಎನ್ನುತ್ತದೆ. ಚಾಲನಾ ಪರೀಕ್ಷೆಯನ್ನು 1935ರಲ್ಲಿಯೇ ಕಡ್ಡಾಯಗೊಳಿಸಿದ ಬ್ರಿಟನ್ನಿನಲ್ಲಿ ಇಂದಿಗೂ ಸರಿಸುಮಾರು ಅರ್ಧದಷ್ಟು ಪರೀಕ್ಷೆಗಳು ಸೋಲಿನಲ್ಲಿಯೇ ಮುಗಿಯುತ್ತವೆ. ಅದನ್ನು ಅಲ್ಲಿ ಮನೆತನದ ಮಾನಹಾನಿಯೆಂದು ಯಾರೂ ಭಾವಿಸುವುದಿಲ್ಲ. ನಮ್ಮಲ್ಲಿ ಮಾತ್ರ ಮಗ ಸೋತು ಬಂದ ದಿನವೇ ಪಕ್ಕದ ಮನೆಯವನ ಹೆಸರು ಹೇಳುತ್ತೇವೆ.

ಆ ಏಳು ದಿನಗಳಲ್ಲಿ ಮಾಡಬೇಕಾದದ್ದೇನು? ಇಲ್ಲಿ ಎರಡು ದಾರಿಗಳಿವೆ, ಎರಡೂ ಪರೀಕ್ಷೆಗೆ ಸಿದ್ಧತೆಯೇ. ಒಂದು, ಮೈದಾನದ ಕಂಬಗಳ ಲೆಕ್ಕವನ್ನು ಬಾಯಿಪಾಠ ಮಾಡುವುದು: ಇಂಥ ಕಂಬ ಕನ್ನಡಿಯಲ್ಲಿ ಕಂಡೊಡನೆ ಚಕ್ರ ಒಂದು ಸುತ್ತು ತಿರುಗಿಸು ಎಂಬಂತೆ. ಹೀಗೆ ಪಾಸಾದವನು ಆ ಮೈದಾನದಲ್ಲಿ ಮಾತ್ರ ಚಾಲಕ. ಇನ್ನೊಂದು, ವಾಹನದ ಹಿಂಭಾಗ ಎಲ್ಲಿದೆಯೆಂದು ಮೈಯಿಂದಲೇ ಅರಿಯುವವರೆಗೆ ನಿಧಾನವಾಗಿ, ಕ್ಲಚ್ಚನ್ನು ಅರ್ಧ ಹಿಡಿದು, ಕತ್ತು ತಿರುಗಿಸಿ ನೋಡುತ್ತಾ ಮತ್ತೆ ಮತ್ತೆ ಹಿಂದಕ್ಕೆ ಹೋಗುವುದು. ಕಟ್ಟಡ ಕಟ್ಟುತ್ತಲೇ ಮನುಷ್ಯ ಕಟ್ಟಡ ಕಟ್ಟುವವನಾಗುತ್ತಾನೆ, ನ್ಯಾಯದ ಕಾರ್ಯಗಳನ್ನು ಮಾಡುತ್ತಲೇ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲನು ವಾದಿಸಿದ್ದು ಈ ಅರ್ಥದಲ್ಲಿಯೇ. ಗುಣವೆಂಬುದು ಅಭ್ಯಾಸದ ಫಲ. ಅದನ್ನು ಮತ್ತೊಬ್ಬರು ತಂದುಕೊಡಲಾರರು. ಏಜೆಂಟನು ತಂದುಕೊಡಬಲ್ಲದ್ದು ಕಾರ್ಡನ್ನು ಮಾತ್ರ.

ಧರ್ಮಸಭೆಯ ಸಂಪ್ರದಾಯದಲ್ಲಿ ವಿವೇಕವನ್ನು 'ಸದ್ಗುಣಗಳ ಸಾರಥಿ' ಎಂದು ಕರೆಯುವುದುಂಟು. ಇತರ ಗುಣಗಳನ್ನು ರಥದ ಕುದುರೆಗಳಂತೆ ಹಿಡಿದು ನಡೆಸುವುದು ಅದು. ಲೈಸೆನ್ಸಿಗೆ ಅರ್ಜಿ ಹಾಕುವ ಕೇಂದ್ರ ಸರ್ಕಾರದ ಗಣಕ ವ್ಯವಸ್ಥೆಯ ಹೆಸರೂ 'ಸಾರಥಿ'ಯೇ ಎಂಬುದನ್ನು ಕಂಡು ನನಗೆ ನಗು ಬಂತು. ಸಂತ ತೋಮಸ್ ಅಕ್ವಿನಾಸರು ವಿವೇಕದ ಎಂಟು ಅಂಗಗಳನ್ನು ಎಣಿಸುತ್ತಾರೆ: ಸ್ಮರಣೆ, ಗ್ರಹಿಕೆ, ಕಲಿಯುವ ವಿನಯ, ಚುರುಕುತನ, ತರ್ಕ, ಮುಂದಾಲೋಚನೆ, ಸುತ್ತಲಿನ ಅರಿವು, ಎಚ್ಚರಿಕೆ. ಹದಿಮೂರನೆಯ ಶತಮಾನದ ಆ ಸನ್ಯಾಸಿ ಮೋಟಾರು ವಾಹನವನ್ನು ಕಂಡವರಲ್ಲ. ಆದರೂ ತರಬೇತಿ ಶಾಲೆಯ ಗೋಡೆಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗಲಾರದು. ಎಂಟರಲ್ಲಿ ನನಗೆ ಕಠಿಣವೆನಿಸಿದ್ದು ಕಲಿಯುವ ವಿನಯ. ನನಗೆ ಕಲಿಸಿದವನು ಇಪ್ಪತ್ತೈದರ ಹುಡುಗ. "ಕನ್ನಡಿ ನೋಡ್ರಿ ಫಾದರ್, ಕನ್ನಡಿ ನೋಡ್ರಿ" ಎಂದು ಅವನು ಗದರುವಾಗ, ಮೂವತ್ತು ವರ್ಷ ಇತರರಿಗೆ ಬೋಧಿಸಿದ ನಾಲಿಗೆಯನ್ನು ಕಚ್ಚಿ ಹಿಡಿಯಬೇಕಾಗುತ್ತಿತ್ತು.

ಇಷ್ಟೆಲ್ಲ ಹೇಳಿದರೂ ಕುರಕುಂಟಾದ ಆ ಯುವಕನ ಪ್ರಶ್ನೆ ತೀರಲಿಲ್ಲ. ಅವನ ಕಷ್ಟ ನನ್ನದರಂತಲ್ಲ. ನಾನು ಸೋತಾಗ ಸಂಜೆಯ ಊಟ ತಪ್ಪಲಿಲ್ಲ. ಅವನು ಮೊದಲು ಲಘು ವಾಹನದ ಲೈಸೆನ್ಸು ಪಡೆಯಬೇಕು, ಅದನ್ನು ಕನಿಷ್ಠ ಒಂದು ವರ್ಷ ಹೊಂದಿದ ಮೇಲೆಯೇ ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಹನಾಗುತ್ತಾನೆ. ಇಂದಿನ ಸೋಲು ಲಾರಿಯ ಕೆಲಸವನ್ನು ಅಷ್ಟು ಹಿಂದಕ್ಕೆ ತಳ್ಳುತ್ತದೆ. ಮತ್ತೊಮ್ಮೆ ಕಲಬುರಗಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಬಡವನು ಪ್ರಾಮಾಣಿಕತೆಗೆ ತೆರುವ ಬೆಲೆ ಯಾವಾಗಲೂ ಹೆಚ್ಚು. ಇದನ್ನು ಒಪ್ಪಿಕೊಳ್ಳದೆ ಅವನಿಗೆ ಉಪದೇಶ ಮಾಡುವುದು ನಮಗೆ ತಕ್ಕುದಲ್ಲ.

ಆದರೂ ಅವನಿಗೆ ನಾನು ಹೇಳಿದ್ದಿಷ್ಟು. 2019ರವರೆಗೆ ಎಂಟನೆಯ ತರಗತಿ ಪಾಸಾಗದವನಿಗೆ ಸಾರಿಗೆ ವಾಹನದ ಲೈಸೆನ್ಸು ಇರಲಿಲ್ಲ. ಆ ನಿಯಮ ತೆಗೆದದ್ದು ಶಾಲೆ ಬಿಟ್ಟ ನಿನ್ನಂಥ ಎಷ್ಟೋ ಜನರಿಗೆ ಒಳ್ಳೆಯದೇ ಆಯಿತು. ಓದಿನ ತಡೆ ಹೋದ ಮೇಲೆ ಉಳಿದಿರುವುದು ಕೈಗೂ ಕಣ್ಣಿಗೂ ಕೊಡುವ ಪರೀಕ್ಷೆ. ಅದನ್ನೂ ಹಣ ಕೊಟ್ಟು ದಾಟಿದರೆ ನಿನ್ನ ಲಾರಿಗೂ ಶಾಲೆಗೆ ಹೋಗುವ ನಿನ್ನ ತಂಗಿಯ ಸೈಕಲ್ಲಿಗೂ ನಡುವೆ ಏನು ಉಳಿಯಿತು? 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. 2007ರಲ್ಲಿ ವ್ಯಾಟಿಕನ್ನಿನ ಒಂದು ಮಂಡಳಿ ರಸ್ತೆ ಬಳಸುವವರಿಗಾಗಿ ಹತ್ತು ಕಟ್ಟಳೆಗಳನ್ನು ಪ್ರಕಟಿಸಿದಾಗ ಮೊದಲನೆಯದಾಗಿ ಇಟ್ಟದ್ದು ಕೊಲ್ಲಬಾರದೆಂಬುದನ್ನೇ. ಆಗ ಕೆಲವರಿಗೆ ಅದು ತಮಾಷೆಯಾಗಿ ಕಂಡಿತು.

ನಮ್ಮ ಪಾಲಿನ ಹೊಣೆಯನ್ನೂ ಹೇಳಬೇಕು. ಹೊಸ ವಾಹನಕ್ಕೆ ಹೂಮಾಲೆ ಹಾಕಿ ದೇವಾಲಯದ ಅಂಗಳಕ್ಕೆ ತಂದು ನಿಲ್ಲಿಸುತ್ತೀರಿ. ತೀರ್ಥ ಚಿಮುಕಿಸಿ ಆಶೀರ್ವದಿಸುತ್ತೇನೆ. ಓಡಿಸುವವರು ಯಾರು, ಅವರು ಕಲಿತಿದ್ದಾರೆಯೇ ಎಂದು ಇಂದಿನವರೆಗೆ ಒಬ್ಬರನ್ನೂ ಕೇಳಿದವನಲ್ಲ. ಇನ್ನು ಮೇಲೆ ಕೇಳುತ್ತೇನೆ, ತಾವು ಬೇಸರಿಸಬಾರದು. ಕಾರುಳ್ಳವರು, ಭಾನುವಾರ ಬಲಿಪೂಜೆಯ ನಂತರ ಆ ಅಂಗಳ ಖಾಲಿ ಬಿದ್ದಿರುವಾಗ, ಲೈಸೆನ್ಸಿನ ತಯಾರಿಯಲ್ಲಿರುವ ಒಬ್ಬ ಹುಡುಗನ ಪಕ್ಕದಲ್ಲಿ ಒಂದು ಗಂಟೆ ಕುಳಿತರೆ ಏಜೆಂಟನ ಬೆಲೆ ತಾನಾಗಿ ಇಳಿಯುತ್ತದೆ. ಆದರೆ ಪಕ್ಕದಲ್ಲಿ ಕೂರುವವರ ಬಳಿ ಲೈಸೆನ್ಸೂ ಮುಂದೆ ಹಿಂದೆ ಎಲ್ ಫಲಕವೂ ಇರಲಿ.

ಆ ದಿನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ತೊಗರಿ ಕಟಾವಾಗಿದ್ದ ಅವನ ಕಾಕಾನ ಹೊಲಕ್ಕೆ ಹೋದೆ. ನಾಲ್ಕು ತೊಗರಿ ಕಟ್ಟಿಗೆ ನೆಟ್ಟೆವು. ಮೊದಲ ಸಲ ಎರಡು ಬಿದ್ದವು, ಎರಡನೆಯ ಸಲ ಒಂದು. ನಾನು ತೋರಿಸಿಕೊಡುತ್ತೇನೆಂದು ಕುಳಿತಾಗ ನಾನೂ ಒಂದನ್ನು ಬೀಳಿಸಿದೆ. ಅವನು ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕದ್ದು ಆಗಲೇ ಎಂದು ಅವನ ತಾಯಿ ಆಮೇಲೆ ಹೇಳಿದರು. ಕತ್ತಲಾಗುವವರೆಗೆ ಕಟ್ಟಿಗೆ ನೆಡುವುದೂ ಹಿಂದಕ್ಕೆ ಬರುವುದೂ ನಡೆದೇ ಇತ್ತು.