ಕಸೂತಿಯ ಬೆನ್ನು

ನಮ್ಮ ಮನೆಯ ಹೊಲಿಗೆ ಡಬ್ಬಿ ತೆರೆದರೆ ಮೊದಲು ಕೈಗೆ ಸಿಗುವುದು ದಾರದ ಗೋಜಲು. ಒಂದು ಲಡಿಯೆಂದರೆ ಎಂಟು ಮೀಟರು, ದಾರಕ್ಕೆ ಆರು ಎಳೆ. ಸುತ್ತಿದ ಕಾಗದದ ಪಟ್ಟಿ ಕಳಚಿತೋ, ಬಣ್ಣದ ನಂಬರೂ ಹೋಯಿತು, ನಮ್ಮ ನೆಮ್ಮದಿಯೂ ಹೋಯಿತು. ಕೆಂಪಿನಲ್ಲೇ ಹತ್ತು ಕೆಂಪು. ನಿನ್ನೆ ಹಾಕಿದ್ದು ಯಾವುದು, ಇವತ್ತು ಹಾಕಬೇಕಾದ್ದು ಯಾವುದು?

ನಮ್ಮವ್ವ ಇದಕ್ಕೊಂದು ಉಪಾಯ ಮಾಡಿದ್ದಳು. ಹಳೆಯ ಲಗ್ನಪತ್ರಿಕೆಗಳನ್ನು ಎರಡು ಬೆರಳಗಲ ಕತ್ತರಿಸಿ, ಮೇಲೊಂದು ತೂತು ಹಾಕಿ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸಿಕ್ಕಿಸುತ್ತಿದ್ದಳು. ಯಾರದೋ 'ಚಿ. ಸೌ.' ಮೇಲೆ ಹಸಿರು ದಾರ ಜೋತಾಡುತ್ತಿತ್ತು. ಈ ದೀಪಾವಳಿ ರಜೆಯಲ್ಲಿ ನಾನೂ ಅಂಥ ಚೀಟಿ ಮಾಡಲು ಕುಳಿತೆ. ಕಾಗದದ ಬದಲು ಮ್ಯಾಟಿ ಬಟ್ಟೆಯ ತುಂಡಿನಲ್ಲಿ ಪುಟ್ಟದೊಂದು ಗಿಳಿ, ಕಳಸ, ತುಳಸಿಕಟ್ಟೆ. ಒಳಗೆ ರಟ್ಟು, ಬೆನ್ನಿಗೆ ಗುಳೇದಗುಡ್ಡ ಖಣದ ಚೂರು, ಸುತ್ತಲೂ ಅಂಚು ಹೊಲಿದು ತುದಿಗೊಂದು ಉಂಗುರ. ಒಳ್ಳೆಯ ಕಾಲಕ್ಷೇಪ. ನಾಲ್ಕು ಮುಗಿದವು. ಐದನೆಯದರ ಬೆನ್ನಿಗೆ ಖಣ ಇಡುವಾಗ ಕೈ ತಡೆಯಿತು.

ಅದು ನಾನು ಹಾಕಿದ್ದಲ್ಲ. 1995ರ ಮಾತು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ರಾಮದುರ್ಗ ತಾಲೂಕಿನ ಒಂದು ಶಾಲೆ. ಏಳನೆಯ ಇಯತ್ತೆಯ ಹುಡುಗಿಯರಿಗೆ ಶನಿವಾರ ಹೊಲಿಗೆ ತಾಸು. ಎಲ್ಲರೂ ಹಾಕಿ ತಂದದ್ದನ್ನು ನೋಡುತ್ತ ಬಂದೆ. ನೇಕಾರರ ಮನೆಯ ಒಬ್ಬ ಹುಡುಗಿಯ ಗಿಳಿ ಬಹಳ ಚೆನ್ನಾಗಿತ್ತು. ರೂಢಿಯಂತೆ ತಿರುಗಿಸಿ ನೋಡಿದೆ. ಹಿಂದೆ ಬರೀ ಗಂಟು. ಬಟ್ಟೆಯನ್ನು ಎತ್ತಿ ಹಿಡಿದು ಇಡೀ ವರ್ಗಕ್ಕೆ ತೋರಿಸಿದೆ. "ನೋಡ್ರಿ, ಮುಂದ ಚೆಂದ, ಹಿಂದ ಹೊಲಸು. ಮನಷ್ಯಾರೂ ಹಿಂಗ ಇರ್ತಾರ," ಅಂದೆ. ಹುಡುಗಿಯರು ನಕ್ಕರು. ಅವಳು ತಲೆ ತಗ್ಗಿಸಿ, "ದಾರ ಸಾಲಲಿಲ್ಲರೀ ಅಕ್ಕೋರ," ಅಂದಳು. ಅಷ್ಟೇ.

ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಮನೆಯ ಅಡಚಣೆ, ಮಗ್ಗದ ಕೆಲಸ. ನನ್ನ ಮಾತಿನಿಂದ ಬಿಟ್ಟಳೆಂದು ಹೇಳಿದರೆ ನನಗೆ ಇಲ್ಲದ ದೊಡ್ಡಸ್ತಿಕೆ ಕೊಟ್ಟುಕೊಂಡಂತೆ. ಆದರೆ ಅವಳು ಒಯ್ಯದೆ ಬಿಟ್ಟ ಆ ಬಟ್ಟೆ ಕಪಾಟಿನಲ್ಲಿ ಉಳಿಯಿತು. ವರ್ಗವಾಗಿ ಸವದತ್ತಿಗೆ ಬಂದಾಗ, ಅಲ್ಲಿಂದ ಬೈಲಹೊಂಗಲಕ್ಕೆ ಬಂದಾಗ ನನ್ನ ಸಾಮಾನಿನ ಜೊತೆ ಅದೂ ಬಂತು.

ಈಗ ಚಾಳೀಸು ಹಾಕಿಕೊಂಡು ಮತ್ತೆ ನೋಡಿದೆ. ಅವಳು ಲಡಿ ಕೊಂಡಿರಲಿಲ್ಲ. ಮಗ್ಗದಲ್ಲಿ ಉಳಿದ ಗೇಣುದ್ದದ ನೂಲುಗಳನ್ನು ಕೂಡಿಸಿ ಕೂಡಿಸಿ ಗಿಳಿ ತುಂಬಿಸಿದ್ದಳು. ಒಂದು ಗಂಟೂ ಮುಂದಕ್ಕೆ ಬಂದಿಲ್ಲ, ಒಂದೂ ಬಿಚ್ಚಿಲ್ಲ. ಎಳೆ ಕಡಿದರೆ ಗಂಟು ಹಾಕುವುದು ನೇಕಾರರ ಮನೆಯಲ್ಲಿ ಮಕ್ಕಳು ಕಲಿಯುವ ವಿದ್ಯೆ. ನಾನು ಹೊಲಸು ಎಂದದ್ದು ಅವಳ ಕೈಗಾರಿಕೆಯನ್ನು!

ಹಾಗಾದರೆ ನನಗೆ ಹಿಂಬದಿಯ ಈ ಹಟ ಎಲ್ಲಿಂದ ಬಂತು? ನಮ್ಮ ಕಡೆಯ ಕಸೂತಿಯಿಂದಲೇ. ಬಟ್ಟೆಯ ಮೇಲೆ ಗೀಟಿಲ್ಲ, ಅಚ್ಚಿಲ್ಲ. ಎಳೆ ಎಣಿಸಿ ಹಾಕಬೇಕು. ಗವಂತಿಯಲ್ಲಿ ನೇರ ಗೆರೆ, ಮುರ್ಗಿಯಲ್ಲಿ ಮೆಟ್ಟಿಲಿನ ಗೆರೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟಿದ್ದನ್ನು ತುಂಬುವುದು, ಗಂಟು ಹಾಕುವಂತಿಲ್ಲ. ಹಿಂದೂ ಮುಂದೂ ಒಂದೇ. ಇದನ್ನು ಹೇಳಿ 'ಒಳಗೂ ಹೊರಗೂ ಒಂದೇ ಇರಬೇಕು' ಎಂದು ನೀತಿ ಕಲಿಸುವುದು ನಮ್ಮಂಥ ಶಿಕ್ಷಕಿಯರಿಗೆ ಬಹಳ ಸುಲಭ.

ಆದರೆ ಕಸೂತಿ ಹಾಗಿರುವುದು ನೀತಿಗಾಗಿ ಅಲ್ಲವೇನೋ ಎಂದು ಈಗ ಅನಿಸುತ್ತದೆ. ಇಳಕಲ್ಲ ಸೀರೆಯ ಸೆರಗು ಗಾಳಿಗೆ ಮಗುಚುತ್ತದೆ, ಹೊದ್ದುಕೊಂಡಾಗ ಎರಡೂ ಮೈ ಕಾಣುತ್ತವೆ. ಗಂಟಿದ್ದರೆ ಮೈಗೆ ಒರೆಯುತ್ತದೆ. ಎರಡೂ ಬದಿ ಕಾಣುವ ಬಟ್ಟೆಗೆ ಎರಡೂ ಬದಿಯ ಅಂದ ಬೇಕು. ಅದೇ ಕಸೂತಿಯಲ್ಲಿ ಮೆಂತೆ ಎಂಬ ಹೊಲಿಗೆಯೂ ಇದೆ. ಕಾಳಿನಂತೆ ಕಾಣುವ ಅಡ್ಡಡ್ಡ ಹೊಲಿಗೆ, ನಾವು ಶಾಲೆಯಲ್ಲಿ ಕ್ರಾಸ್ ಸ್ಟಿಚ್ ಎನ್ನುವುದು. ಅದರ ಬೆನ್ನು ಮುಖದಂತೆ ಇರುವುದಿಲ್ಲ. ಕಸೂತಿ ಅದನ್ನೂ ತನ್ನದೆಂದೇ ಒಪ್ಪಿಕೊಂಡಿದೆ. ಹುಡುಗಿ ಹಾಕಿದ್ದು ಅದೇ. ಸೆರಗಿನ ನಿಯಮವನ್ನು ನಾನು ಬೆರಳಗಲದ ಗಿಳಿಯ ಮೇಲೆ ಹೇರಿದ್ದೆ.

ಬೆನ್ನು ನೋಡಲೇಬಾರದು ಎಂದಲ್ಲ. ಇಂದು ಪೇಟೆಯಲ್ಲಿ ಮಿಷನ್ನಿನ ಕೆಲಸವನ್ನು ಕೈಕಸೂತಿ ಎಂದು ಮಾರುವವರಿದ್ದಾರೆ. ಅಲ್ಲಿ ತಿರುಗಿಸಿ ನೋಡಲೇಬೇಕು. ರೊಕ್ಕ ಕೊಡುವವರಿಗೆ ಆ ಹಕ್ಕಿದೆ. ಕಣ್ಣು ಕಳೆದುಕೊಂಡು ತಿಂಗಳುಗಟ್ಟಲೆ ಎಳೆ ಎಣಿಸಿದವಳ ದುಡಿಮೆಗೆ ಅದರಿಂದ ನ್ಯಾಯವೂ ಸಿಗುತ್ತದೆ. ಅಲ್ಲಿ ಬೆನ್ನು ಮುಚ್ಚಿದರೆ ಮೋಸ. ಆದರೆ ದಾರದ ಚೀಟಿಯ ಬೆನ್ನಿಗೆ ಖಣ ಹಚ್ಚಿದರೆ ಯಾರಿಗೂ ಮೋಸವಿಲ್ಲ. ತುದಿಗಳು ಬೇರೆ ದಾರಕ್ಕೆ ಸಿಕ್ಕಿಕೊಳ್ಳದಂತೆ ಅದು ಕಾಯುತ್ತದೆ, ನಂಬರು ಬರೆಯಲು ಜಾಗ ಕೊಡುತ್ತದೆ. ಮುಚ್ಚುವುದೆಲ್ಲ ಸುಳ್ಳಲ್ಲ. ಯಾರಿಂದ ಮುಚ್ಚುತ್ತೇವೆ, ಅದರಿಂದ ಅವರಿಗೆ ಏನು ನಷ್ಟ ಎಂದು ಕೇಳಿಕೊಳ್ಳಬೇಕು. ಹಾಗೆಯೇ, ತಿರುಗಿಸಿ ನೋಡುವವರೂ ತಮ್ಮನ್ನು ಕೇಳಿಕೊಳ್ಳಬೇಕು: ಇದನ್ನು ನೋಡುವ ಹಕ್ಕು ನನಗೆ ಯಾರು ಕೊಟ್ಟರು?

ಹೆಂಗಸರಾದ ನಮಗೆ ಇದು ಚೆನ್ನಾಗಿ ಗೊತ್ತು. ಕನ್ಯಾ ನೋಡಲು ಬಂದವರು ಗೋಡೆಯ ಮೇಲಿನ ಫ್ರೇಮು ನೋಡಿ "ನೀನs ಹಾಕೀಯೇನವಾ?" ಎಂದು ಕೇಳುತ್ತಿದ್ದ ಕಾಲ ನಮ್ಮದು. ನನ್ನನ್ನು ನೋಡಲು ಬಂದ ಹಿರಿಯಾಕೆಯೊಬ್ಬರು ನಾನು ಹಾಕಿದ ಟೇಬಲ್ ಕ್ಲಾಥನ್ನು ಎತ್ತಿ ಹಿಂದೆ ನೋಡಿ, ಏನೂ ಅನ್ನದೆ ಕೆಳಗಿಟ್ಟರು. ಆ ಮೌನ ಇನ್ನೂ ನೆನಪಿದೆ. ಅಡಿಗೆಮನೆಯ ಮಾಡದಿಂದ ಹಿಡಿದು ತವರಿನ ಬಡತನದ ತನಕ ನಮ್ಮ ಬೆನ್ನನ್ನು ಎಷ್ಟು ಜನ ತಿರುಗಿಸಿ ನೋಡಿಲ್ಲ? ನನಗಾದ ಆ ಅವಮಾನವನ್ನೇ ನಾನು ಶಿಸ್ತು ಎಂಬ ಹೆಸರಿನಲ್ಲಿ ಒಂದು ಮಗುವಿಗೆ ದಾಟಿಸಿದ್ದೆ. ಪಡೆದ ಪೆಟ್ಟನ್ನು ಕೆಳಗಿನವರಿಗೆ ದಾಟಿಸುವುದು ಬಹಳ ಸುಲಭ. ನಾವು ಅದನ್ನು ಸಂಸ್ಕಾರ ಎಂದೂ ಕರೆದುಬಿಡುತ್ತೇವೆ.

ಐದನೆಯ ಚೀಟಿಗೆ ಬರುತ್ತೇನೆ. ಮೊದಲು ಅದರ ಬೆನ್ನು ತೆರೆದೇ ಇಡೋಣ, ಬಂದವರಿಗೆ ಈ ಗಂಟುಗಳ ಜಾಣತನ ತೋರಿಸೋಣ ಎಂದುಕೊಂಡೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ಅಂದು ಬೈಯಲು ತೋರಿಸಿದೆ, ಇಂದು ಹೊಗಳಲು ತೋರಿಸುತ್ತೇನೆ. ಎರಡು ಸಲವೂ ಅವಳನ್ನು ಕೇಳಿದ್ದಿಲ್ಲ. ಹಾಗೆಂದು ಅಂಟು ಹಚ್ಚಿ ಮುಚ್ಚಿಬಿಟ್ಟರೆ ನನ್ನ ತಪ್ಪನ್ನೇ ಮುಚ್ಚಿಕೊಂಡಂತೆ.

ಕೊನೆಗೆ ಖಣವನ್ನು ಕಚ್ಚಾ ಹೊಲಿಗೆಯಲ್ಲಿ ಕೂಡಿಸಿದೆ. ಒಂದೆಳೆ ಜಗ್ಗಿದರೆ ಬಿಚ್ಚುವಂತೆ. ಅವಳಿಗೀಗ ನಲವತ್ತು ದಾಟಿರಬೇಕು. ಎಂದಾದರೂ ಸಿಕ್ಕರೆ ಇದನ್ನು ಅವಳ ಕೈಗೆ ಕೊಡುತ್ತೇನೆ. ತಿರುಗಿಸುವುದು, ಬಿಡುವುದು ಅವಳಿಗೆ ಸೇರಿದ್ದು. ಅಲ್ಲಿಯ ತನಕ ಕರಿ ದಾರ, ನಂಬರು 403, ಆ ಗಿಳಿಯ ಉಂಗುರದಲ್ಲಿ ಇರುತ್ತದೆ.