ಸಾಕುವ ಮೊದಲು ‘ಸಾಕು’ ಅನ್ನಬೇಕು

🪷 *ಇಂದಿನ ಧಮ್ಮ ಚಿಂತನೆ* 🪷

ಇವತ್ತು ಬರೆಯುವ ಪಾಳಿ ನನ್ನದು. ಎರಡನೆಯ ಶೀಲದ ಬಗ್ಗೆ ಬರೆಯಿರಿ ಎಂದು ಹಾವೇರಿಯ ಭಾನುವಾರದ ಸಭೆಯಲ್ಲಿ ಹೇಳಿದ್ದಿರಿ. ನಾನು ಕಳ್ಳತನ ಮಾಡುವವಳಲ್ಲ, ಇದರಲ್ಲಿ ಬರೆಯುವುದೇನಿದೆ ಎಂದುಕೊಂಡಿದ್ದೆ. ಆದರೆ ಹೋದ ತಿಂಗಳು ನಮ್ಮ ಮನೆಯಲ್ಲೇ ಆ ಶೀಲ ಎರಡು ದಿನ ಮುರಿದು ಬಿದ್ದಿತ್ತು. ಅದನ್ನೇ ಹೇಳುತ್ತೇನೆ.

ಬ್ಯಾಡಗಿಯ ಹತ್ತಿರ ನಮ್ಮ ಮೈದುನನ ಹೊಲವಿದೆ. ಮೆಕ್ಕೆಜೋಳ ಕಿತ್ತ ಮೇಲೆ ಬದು ಸ್ವಚ್ಛ ಮಾಡುವಾಗ ಒಂದು ಹಾವು ಕಂಡಿತು. ಕೆಲಸಕ್ಕೆ ಬಂದವರು ಸಲಿಕೆ ಎತ್ತಿದರು. ಏಳನೆಯ ತರಗತಿಯ ನನ್ನ ಮಗ ಓಡಿ ಹೋಗಿ ಅಡ್ಡ ನಿಂತ. ಮೈದುನ ನೋಡಿ, ಇದು ಮಣ್ಣುಮುಕ್ಕ, ವಿಷವಿಲ್ಲ ಎಂದ. ಎರಡು ತಲೆ ಹಾವು ಎಂದು ಕರೆಯುತ್ತಾರಲ್ಲ, ಅದು. ಮಗ ಅದನ್ನು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ.

“ಅವ್ವಾ, ನಾ ಇದನ್ನ ಸಾಕ್ತೀನಿ.”

ಪರದೇಶದ ಮಕ್ಕಳು ಹಾವು ಸಾಕುವ ವಿಡಿಯೋಗಳನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಅಲ್ಲಿ ಗಾಜಿನ ಪೆಟ್ಟಿಗೆ, ಕಾವಿಗೆ ದೀಪ, ಅಡಗಿಕೊಳ್ಳಲು ಮರದ ಗೂಡು. ಇವನಿಗೆ ಸಿಕ್ಕಿದ್ದು ಟಿವಿಯ ಥರ್ಮಾಕೋಲ್ ಪೆಟ್ಟಿಗೆ. ಕಟ್ಟಡದ ಮರಳು ಜರಡಿ ಹಿಡಿದು ಹಾಸಿದ. ತೆಂಗಿನ ಚಿಪ್ಪಿನಲ್ಲಿ ನೀರಿಟ್ಟ. ಒಡೆದ ಗಡಿಗೆಯನ್ನು ಬೋರಲು ಹಾಕಿ ಗೂಡು ಮಾಡಿದ. ಗಾಳಿಗೆಂದು ಪೆನ್ನಿನಿಂದ ತೂತು ಕೊರೆದ. ಇಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ.

ನಮ್ಮ ಅತ್ತಿಯವರು ಒಂದು ಬಟ್ಟಲು ಹಾಲು ತಂದರು. “ಪಂಚಮಿ ಮಾಡೂದು ಬಿಟ್ರಿ. ಈಗ ತಾನಾಗೇ ಮನೀಗೆ ಬಂದೈತಿ, ನೋಡವಾ.” ಹಾವು ಹಾಲು ಕುಡಿಯುವುದಿಲ್ಲ, ಇಲಿ ತಿನ್ನುತ್ತದೆ ಎಂದು ಮಗನೇ ಅಜ್ಜಿಗೆ ಹೇಳಿದ. ನಾನು ಬೇರೆ ಮಾತು ಹೇಳಿದೆ. ನಮಗೆ ನಾಗ ಅಂದರೆ ದೋಷವಲ್ಲ ಅತ್ತಿ, ಬೌದ್ಧ ಧಮ್ಮವನ್ನು ಹರಡಿದ ನಾಗಜನರನ್ನು ಬಾಬಾಸಾಹೇಬರು 1956ರಲ್ಲಿ ನಾಗಪುರದ ಭಾಷಣದಲ್ಲಿ ನೆನೆದಿದ್ದಾರೆ ಎಂದೆ. ಅತ್ತಿ ಸುಮ್ಮನಾದರು. ಬಟ್ಟಲು ಮಾತ್ರ ಅಲ್ಲೇ ಇತ್ತು.

ರಾತ್ರಿ ಮೈದುನ ಬಂದ. “ವೈನಿ, ರಾಣೆಬೆನ್ನೂರಾಗ ಒಬ್ಬಾಂವ ಅದಾನಂತ. ತೂಕ ನೋಡಿ ರೊಕ್ಕ ಕೊಡ್ತಾನಂತ. ಲಕ್ಷದ ಮ್ಯಾಲೆ ಹೊಕ್ಕೈತಿ.”

ಈ ಹಾವಿನ ಬಾಲ ಮೊಂಡಾಗಿದ್ದು ತಲೆಯಂತೆಯೇ ಕಾಣುತ್ತದೆ. ಇರುವುದು ಒಂದೇ ತಲೆ. ಇಟ್ಟುಕೊಂಡರೆ ಐಶ್ವರ್ಯ ಬರುತ್ತದೆ, ರೋಗ ವಾಸಿಯಾಗುತ್ತದೆ ಎಂಬ ಸುಳ್ಳಿನ ಮೇಲೆ ಇದರ ಕಳ್ಳವ್ಯಾಪಾರ ನಡೆಯುತ್ತದೆ. ಎರಡು ತಲೆ ಎಂದು ನಂಬಿಸಲು ಬಾಲಕ್ಕೆ ಗಾಯ ಮಾಡಿ ಕಣ್ಣು ಬಾಯಿ ಮೂಡಿಸುವವರೂ ಇದ್ದಾರೆ. ಇದೆಲ್ಲ ನನಗೆ ಗೊತ್ತಿತ್ತು. ಶಾಲೆಯಲ್ಲಿ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿಸುವವಳು ನಾನೇ.

ಆದರೂ ಆ ರಾತ್ರಿ ಹಾಸಿಗೆಯಲ್ಲಿ ಮನೆ ಸಾಲದ ಲೆಕ್ಕ ಹಾಕಿದೆ. ಎಷ್ಟು ಕಂತು ಉಳಿದಿವೆ, ಲಕ್ಷ ಬಂದರೆ ಎಷ್ಟು ತೀರುತ್ತವೆ ಎಂದು. ಯಾರಿಗೂ ಹೇಳಿರಲಿಲ್ಲ, ಇವತ್ತು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸುಳ್ಳೆಂದು ತಿಳಿದಿದ್ದರೂ ಲೋಭ ಲೆಕ್ಕ ಹಾಕುತ್ತದೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದು ನೋಡಿದೆ. ಹಾಲಿನಲ್ಲಿ ಇರುವೆ ಬಿದ್ದಿದ್ದವು. ಮಗ ಇಟ್ಟ ಮೊಟ್ಟೆ ಹಾಗೇ ಇತ್ತು. ಹಾವು ಮಾತ್ರ ಮೂಲೆಗೆ ಮೂತಿ ಒತ್ತಿ, ಹೊರಗೆ ಹೋಗಲು ಉಜ್ಜಿ ಉಜ್ಜಿ ಮೂತಿಯ ಮೇಲಿನ ಚರ್ಮ ಕೆಂಪಾಗಿತ್ತು.

ಆಗ ನನಗೆ ಜೇತವನದ ಪ್ರಸಂಗ ನೆನಪಾಯಿತು. ಭಗವಾನ್ ಬುದ್ಧರು ಶ್ರಾವಸ್ತಿಗೆ ಭಿಕ್ಷೆಗೆ ಹೊರಟಾಗ ದಾರಿಯಲ್ಲಿ ಹುಡುಗರು ಕೋಲಿನಿಂದ ಹಾವನ್ನು ಹೊಡೆಯುತ್ತಿದ್ದರು. ಉದಾನದಲ್ಲಿ ಈ ಕತೆ ಬರುತ್ತದೆ. ನಿಮ್ಮ ಹಾಗೆಯೇ ಅದಕ್ಕೂ ಸುಖ ಬೇಕು, ನಿಮ್ಮ ಸುಖಕ್ಕಾಗಿ ಅದನ್ನು ಹಿಂಸಿಸಿದರೆ ನಿಮಗೂ ಸುಖ ಸಿಗದು ಎಂಬುದು ಅವರ ಉಪದೇಶದ ಸಾರ. ನನ್ನ ಮಗ ಕೋಲಿನ ಎದುರು ನಿಂತ ಹುಡುಗ. ಮೊದಲ ಶೀಲ ಅವನು ಪಾಲಿಸಿದ್ದ. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪಿದ್ದು ಎರಡನೆಯದರಲ್ಲಿ. ನಾವು ಅದನ್ನು ‘ಕಳ್ಳತನ’ ಎಂದು ಸಣ್ಣದು ಮಾಡಿಕೊಂಡಿದ್ದೇವೆ. ಪಾಳಿಯ ಮಾತು ‘ಅದಿನ್ನಾದಾನ’. ಅಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಆ ಹಾವು ತನ್ನ ಬದುವನ್ನು, ತನ್ನ ಬಿಲವನ್ನು, ರಾತ್ರಿ ಇಲಿ ಹುಡುಕುವ ತಿರುಗಾಟವನ್ನು ನಮಗೆ ಕೊಟ್ಟಿರಲಿಲ್ಲ. ಮೈದುನ ಹಣಕ್ಕಾಗಿ ಕೇಳಿದ, ಅತ್ತಿ ಪುಣ್ಯಕ್ಕಾಗಿ ಕೇಳಿದರು, ಮಗ ಪ್ರೀತಿಗಾಗಿ ಕೇಳಿದ. ಹಾವಿಗೆ ಮೂರೂ ಒಂದೇ ಪೆಟ್ಟಿಗೆ.

ಮನುಷ್ಯರನ್ನು ನಾನು ಹಾವಿಗೆ ಹೋಲಿಸುತ್ತಿಲ್ಲ. ಆದರೆ ಯಾರು ಎಲ್ಲಿ ಇರಬೇಕು ಎಂದು ಬೇರೆಯವರು ಗೆರೆ ಎಳೆದ ಕೇರಿಯಿಂದ ಬಂದವರು ನಾವು. ನಿಮ್ಮ ಒಳ್ಳೆಯದಕ್ಕೇ ಎಂಬ ಮಾತನ್ನೂ ನಮ್ಮ ಹಿರಿಯರು ಕೇಳಿದವರೇ. ಆ ನೋವು ಗೊತ್ತಿದ್ದವರ ಮನೆಯಲ್ಲಿ ಇನ್ನೊಂದು ಜೀವಕ್ಕೆ ಪೆಟ್ಟಿಗೆ ಇರಬಾರದು. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬೇರ್ಪಡಿಸಿ ತೋರಿಸಿದ್ದಾರೆ. ಕರುಣೆಯಲ್ಲಿ ನಿಂತುಬಿಡದೆ ಮೈತ್ರಿಯವರೆಗೆ ನಡೆಯಬೇಕು ಎಂಬುದೇ ಅದರ ಅರ್ಥ.

ಮಗನಿಗೆ ಹೇಳಿದೆ. ಅವನು ಅತ್ತ. “ನಾ ಉಳಿಸಿದ್ನಲ್ಲವ್ವಾ, ಇಲ್ಲಂದ್ರ ಅವ್ರು ಕೊಂದು ಬಿಡ್ತಿದ್ರು.” ಹೌದಪ್ಪಾ, ಉಳಿಸಿದಿ, ಇನ್ನ ಬಿಟ್ಟರ ಪೂರ್ತಿ ಉಳಿಸಿದಂಗ ಅಂದೆ. ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಒಂದು ಪೋಷಿಸು, ಇನ್ನೊಂದು ಇಷ್ಟೇ ಸಾಕು. ಏನನ್ನಾದರೂ ಸಾಕುವ ಮೊದಲು, ನನ್ನ ಆಸೆಗೆ ಇಷ್ಟು ಸಾಕು ಎನ್ನಲು ಬರಬೇಕು. ತಂದೆ ತಾಯಿ ಮಕ್ಕಳನ್ನು ಸಾಕುವಾಗಲೂ ಇದು ನಿಜ.

ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಹಾವನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ನನಗೆ ಹೆದರಿಕೆ ಇತ್ತು, ನೌಕರಿಯ ಚಿಂತೆಯೂ ಇತ್ತು. ಬಂದವರು ಬರೆದುಕೊಂಡರು, ಮಗನಿಗೂ ನನಗೂ ಬುದ್ಧಿ ಹೇಳಿದರು. ಸಣ್ಣ ಕೊಳಕುಮಂಡಲವನ್ನು ಮಣ್ಣುಮುಕ್ಕದ ಜಾತಿ ಎಂದು ತಿಳಿದು ಕೈ ಹಾಕಿದವರಿದ್ದಾರೆ, ಇನ್ನೊಮ್ಮೆ ಮುಟ್ಟಬೇಡ ಎಂದರು. ಎಲ್ಲಿ ಸಿಕ್ಕಿತೋ ಆ ಜಾಗ ತೋರಿಸು ಎಂದು ಅವನನ್ನೇ ಕರೆದುಕೊಂಡು ಹೋದರು. ಬೇರೆ ಕಡೆ ಬಿಟ್ಟರೆ ಅದಕ್ಕೆ ಬಿಲ, ಬೇಟೆ ಗೊತ್ತಾಗುವುದಿಲ್ಲವಂತೆ. ಬದುವಿನ ಸಡಿಲ ಮಣ್ಣಿಗೆ ಇಳಿಸಿದ ತಕ್ಷಣ ತಲೆ ತೂರಿಸಿ ಒಳಗೆ ಹೋಯಿತು. ಹಿಂತಿರುಗಿ ನೋಡಲಿಲ್ಲ.

ಮಗ ಕಾಕಾನ ಹತ್ತಿರ ಒಂದು ಮಾತು ಕೇಳಿದ. ಈ ವರ್ಷ ರವದಿಗೆ ಬೆಂಕಿ ಹಚ್ಚುವಾಗ ಆ ಬದು ಬಿಡಬೇಕು ಎಂದು. ಮೈದುನ ಗೊಣಗಿದ. ಕೊನೆಗೆ ಒಂದು ಬದು ಬಿಡಲು ಒಪ್ಪಿದ. ಹಾವಿಗೆ ಮನೆ ಕಟ್ಟಿಕೊಡುವುದು ಎಂದರೆ ಇಷ್ಟೇ, ಅದು ಕಟ್ಟಿಕೊಂಡದ್ದನ್ನು ನಾವು ಸುಡದೇ ಇರುವುದು.

ಥರ್ಮಾಕೋಲ್ ಪೆಟ್ಟಿಗೆ ಮೂರು ದಿನ ಮಗನ ಮಂಚದ ಕೆಳಗೆ ಖಾಲಿ ಇತ್ತು. ಈಗ ಅದರಲ್ಲಿ ಅತ್ತಿಯವರು ಮೆಣಸಿನಕಾಯಿ ಬೀಜ ಇಟ್ಟಿದ್ದಾರೆ.

🌿 *ಇಂದಿನ ಅಭ್ಯಾಸ:* ಪಂಚಶೀಲ ಹೇಳುವಾಗ ಎರಡನೆಯ ಶೀಲದಲ್ಲಿ ಒಂದು ಉಸಿರು ನಿಲ್ಲೋಣ. ನನ್ನ ಮನೆಯಲ್ಲಿ, ಯಾರೂ ನನಗೆ ಕೊಡದೇ ಇದ್ದರೂ ನಾನು ಹಿಡಿದಿಟ್ಟುಕೊಂಡಿರುವುದು ಏನು? ಮಗಳ ಇಷ್ಟವೇ, ಸೊಸೆಯ ಸಮಯವೇ, ಕೂಲಿಯವರ ಬಾಕಿಯೇ? ಒಂದನ್ನಾದರೂ ಇವತ್ತು ಅದರ ಜಾಗಕ್ಕೆ ಬಿಟ್ಟು ಬರೋಣ.

ಎಲ್ಲ ಜೀವಿಗಳಿಗೂ ಮಂಗಲವಾಗಲಿ.

ನಮೋ ಬುದ್ಧಾಯ. ಜೈಭೀಮ್. 🙏