ಅಗ್ಗದ ಅಲಂಕಾರವೂ ಪರಿಗ್ರಹದ ಪರಿಮಾಣವೂ

ಕಳೆದ ಕಾರ್ತಿಕ ಮಾಸದಲ್ಲಿ ತಂಗಿಯ ಮಗಳ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಎರಡು ಕೋಣೆಗಳ ಚಿಕ್ಕ ಮನೆ. ಗಂಡಹೆಂಡಿರು ಸಾಲ ಮಾಡಿ ಕೊಂಡದ್ದು. ಪೂಜೆ ಊಟಗಳು ಮುಗಿದು ಬಂಧುಗಳು ಚದುರಿದ ಮೇಲೆ ಅವಳು ನನ್ನನ್ನು ಕರೆದೊಯ್ದು ಮನೆಯನ್ನೆಲ್ಲ ತೋರಿಸಿದಳು. ಮನೆ ನಿಜಕ್ಕೂ ಅಂದವಾಗಿತ್ತು. ಹಳೆಯ ಮನೆ ಕೆಡವಿದವರಿಂದ ಕೊಂಡ ಬಾಗಿಲಿನ ಚೌಕಟ್ಟಿಗೆ ಕನ್ನಡಿ ಕೂರಿಸಿದ್ದಳು. ಬೀದಿಬದಿಯಲ್ಲಿ ಮಾರುವ ಬಿದಿರಿನ ಬುಟ್ಟಿ ದೀಪದ ಮುಸುಕಾಗಿತ್ತು. ಕಪಾಟುಗಳಿಗೆ ಚನ್ನಪಟ್ಟಣದ ಬಣ್ಣದ ಮರದ ಹಿಡಿಗಳು. ನಡುಮನೆಯ ಮೂಲೆಯಲ್ಲಿ ಹಿತ್ತಾಳೆಯ ಉರುಳಿ, ಅದರ ನೀರಿನ ಮೇಲೆ ಸೇವಂತಿಗೆಯ ಎಸಳು. ಒಂದೊಂದನ್ನು ತೋರಿಸುವಾಗಲೂ ಬೆಲೆಯನ್ನು ಹೇಳುತ್ತಿದ್ದಳು: “ನೋಡಿ ಮಾವ, ಇದು ಮುನ್ನೂರೈವತ್ತಕ್ಕೆ ಸಿಕ್ಕಿತು. ದೊಡ್ಡ ಅಂಗಡಿಯಲ್ಲಾದರೆ ಎರಡು ಸಾವಿರಕ್ಕೆ ಕಡಿಮೆಯಿಲ್ಲ.”

ಹಿರಿಯನೆಂಬ ಸಲುಗೆಯಿಂದ, “ಎಲ್ಲ ಚೆನ್ನಾಗಿದೆ ಮಗು, ಆದರೆ ಇಷ್ಟೆಲ್ಲ ಬೇಕಿತ್ತೆ?” ಎಂದೆ. ಅವಳು ನಕ್ಕಳು. “ದುಂದು ಏನೂ ಮಾಡಿಲ್ಲ ಮಾವ. ನಿಮ್ಮ ವ್ರತದ ಲೆಕ್ಕದಿಂದ ನೋಡಿದರೂ ಈ ಮನೆಯ ಅಲಂಕಾರವೆಲ್ಲ ಸೇರಿ ನಿಮ್ಮ ಒಂದು ತೇಗದ ಮಂಚದ ಬೆಲೆಗೆ ಬರುವುದಿಲ್ಲ” ಎಂದಳು.

ನನಗೆ ಉತ್ತರ ತೋಚಲಿಲ್ಲ. ಊರಿಗೆ ಮರಳುವ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಿತ್ತು. ಕಡಿಮೆ ಬೆಲೆಗೆ ಕೊಂಡದ್ದು ಕಡಿಮೆ ಪರಿಗ್ರಹವೇ? ಈ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ.

ಶಾಸ್ತ್ರಕಾರರು ಗೃಹಸ್ಥನಿಗೆ ಮನೆಯನ್ನಾಗಲಿ ಸೌಂದರ್ಯವನ್ನಾಗಲಿ ನಿಷೇಧಿಸಿಲ್ಲ. ಹತ್ತು ಬಾಹ್ಯ ಪರಿಗ್ರಹಗಳ ಗಣನೆಯಲ್ಲಿ ಹೊಲಗದ್ದೆ, ಬೆಳ್ಳಿ ಬಂಗಾರ, ಧನಧಾನ್ಯಗಳೊಡನೆ ವಾಸ್ತು ಎಂದರೆ ಮನೆ, ಕುಪ್ಯ ಎಂದರೆ ಬಟ್ಟೆಬರೆ ಮುಂತಾದವು, ಭಾಂಡ ಎಂದರೆ ಪಾತ್ರೆಪದಾರ್ಥ, ಇವೂ ಸೇರಿವೆ. ಅಣುವ್ರತಿಗೆ ಹೇಳಿರುವುದು ಇವುಗಳ ಸರ್ವತ್ಯಾಗವಲ್ಲ, ಪರಿಮಾಣ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ನಿರ್ವಚಿಸುವಾಗ ವಸ್ತುವಿನ ಹೆಸರನ್ನಾಗಲಿ ಮೌಲ್ಯವನ್ನಾಗಲಿ ಎತ್ತದೆ ಮೂರ್ಛೆ ಎಂಬ ಒಂದೇ ಪದವನ್ನು ಇಟ್ಟಿರುವುದನ್ನು ಗಮನಿಸಬೇಕು. “ಇದು ನನ್ನದು” ಎಂಬ ಮಮತ್ವದಲ್ಲಿ ಎಚ್ಚರ ತಪ್ಪುವುದೇ ಮೂರ್ಛೆ. ಮುನ್ನೂರು ರೂಪಾಯಿಯ ವಸ್ತುವಿನಲ್ಲಿ ಮೂರ್ಛೆಯೂ ಮುನ್ನೂರರಷ್ಟೇ ಇರುತ್ತದೆಂದು ಯಾರೂ ಹೇಳಿಲ್ಲ.

ನನ್ನ ವ್ರತದ ಕಥೆಯನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. 1996ರ ಚಾತುರ್ಮಾಸದಲ್ಲಿ ನಮ್ಮೂರಿನಲ್ಲಿ ತಂಗಿದ್ದ ಮುನಿಮಹಾರಾಜರ ಸನ್ನಿಧಿಯಲ್ಲಿ ನಾನು ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದೆ. ಮನೆಯ ಸಾಮಾನುಗಳಿಗೆ ಒಂದು ಲಕ್ಷ ರೂಪಾಯಿಯ ಮಿತಿ ಹಾಕಿಕೊಂಡೆ. ಆ ಕಾಲಕ್ಕೆ ನನಗದು ಕಠಿಣವಾಗಿಯೇ ತೋರಿತ್ತು. ವರ್ಷ ಕಳೆದಂತೆ ಮಾರುಕಟ್ಟೆಗೆ ಅಗ್ಗದ ವಸ್ತುಗಳ ಪ್ರವಾಹ ಬಂತು. ಹಳೆಯ ಭಾರದ ಸಾಮಾನನ್ನು ಕೊಟ್ಟು ಹಗುರವಾದವನ್ನು ತಂದೆವು. ಒಂದರ ಬೆಲೆಗೆ ನಾಲ್ಕು ಬಂದವು. ಬೆಂಗಳೂರಿನಿಂದ ಮರಳಿದ ವಾರ ಕಾಗದ ಪೆನ್ಸಿಲು ಹಿಡಿದು ಮನೆಯನ್ನು ಎಣಿಸಲು ಕೂತೆ. ಗೋಡೆಯ ಗಡಿಯಾರಗಳೇ ಏಳು. ನಾವಿಬ್ಬರೇ ಇರುವ ಮನೆಯಲ್ಲಿ ಕುರ್ಚಿಗಳು ಇಪ್ಪತ್ತಾರು. ಹೂದಾನಿಗಳನ್ನು ಎಣಿಸುವಾಗ ನನ್ನಾಕೆ ತಡೆದು, “ಅಟ್ಟದ ಮೇಲಿನದನ್ನೂ ಸೇರಿಸುತ್ತೀರಾ?” ಎಂದು ಕೇಳಿದಳು. ಬೆಲೆ ಕಟ್ಟಿದರೆ ಎಲ್ಲವೂ ಲಕ್ಷದೊಳಗೇ ಇತ್ತು. ವ್ರತ ಭಂಗವಾಗಿರಲಿಲ್ಲ. ಆದರೆ ಗೆದ್ದಲು ತಿಂದ ತೊಲೆ ಹೊರಗೆ ನೆಟ್ಟಗೆ ಕಾಣುವಂತೆ, ಒಳಗೆ ಅದು ಟೊಳ್ಳಾಗಿತ್ತು.

ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನ ವೃತ್ತಾಂತ ಆಗ ನೆನಪಿಗೆ ಬಂತು. ಅದು ಶ್ವೇತಾಂಬರ ಆಗಮವಾದರೂ ಶ್ರಾವಕಾಚಾರದ ವಿಷಯದಲ್ಲಿ ನಮಗೆ ಕಲಿಸುವುದು ಬಹಳವಿದೆ. ವಾಣಿಜ್ಯಗ್ರಾಮದ ಈ ಗೃಹಪತಿ ಸಾಮಾನ್ಯನಲ್ಲ: ನಿಧಿಯಲ್ಲಿ ನಾಲ್ಕು ಕೋಟಿ, ಬಡ್ಡಿಯಲ್ಲಿ ನಾಲ್ಕು ಕೋಟಿ, ಮನೆಮಾರು ಪರಿಕರಗಳ ವಿಸ್ತಾರದಲ್ಲಿ ನಾಲ್ಕು ಕೋಟಿ, ಹತ್ತು ಸಾವಿರ ಹಸುಗಳ ನಾಲ್ಕು ಮಂದೆ. ಭಗವಾನ್ ಮಹಾವೀರರ ಮುಂದೆ ವ್ರತ ಹಿಡಿದಾಗ ಅವನು ಈ ಸಂಪತ್ತನ್ನು ಬಿಡಲಿಲ್ಲ, ಇದಕ್ಕಿಂತ ಹೆಚ್ಚು ಬೇಡವೆಂದು ಗೆರೆ ಎಳೆದ. ಇಷ್ಟೇ ಆಗಿದ್ದರೆ ಶ್ರೀಮಂತನ ವ್ರತ ಸುಲಭವೆಂದು ನಾವು ಮೂಗು ಮುರಿಯಬಹುದಿತ್ತು. ಆದರೆ ದಿನಬಳಕೆಯ ವಸ್ತುಗಳಿಗೆ ಬಂದಾಗ ಅವನು ನಾಣ್ಯದಲ್ಲಿ ಅಳೆಯಲಿಲ್ಲ. ಮೈ ಒರೆಸಲು ಇಂಥದೊಂದು ವಸ್ತ್ರ, ಹಲ್ಲುಜ್ಜಲು ಹಸಿಯ ಜ್ಯೇಷ್ಠಮಧುವಿನ ಕಡ್ಡಿ, ಮೀಯಲು ಎಂಟು ಕೊಡ ನೀರು, ಉಡಲು ಒಂದು ಜೊತೆ ಬಟ್ಟೆ, ಆಭರಣವೆಂದರೆ ಕಿವಿಯ ಓಲೆ ಮತ್ತು ಹೆಸರಿನ ಉಂಗುರ, ಉಳಿದುದೆಲ್ಲ ತ್ಯಾಜ್ಯ. ಕೋಟ್ಯಧಿಪತಿ ಕಡ್ಡಿಯನ್ನೂ ಕೊಡವನ್ನೂ ಎಣಿಸಿದ. ಹಣದ ಮಿತಿಯಿಂದ ಅವನಿಗೆ ಅಲ್ಲಿ ಯಾವ ಪ್ರಯೋಜನವೂ ಇರಲಿಲ್ಲ. ಅವನಿಗೆ ಎಲ್ಲವೂ ಅಗ್ಗವೇ. ಇಂದು ಮಧ್ಯಮ ವರ್ಗದ ನಮಗೂ ನೂರಾರು ವಸ್ತುಗಳು ಹಾಗೆಯೇ ಅಗ್ಗವಾಗಿವೆ. ಆದ್ದರಿಂದ ನಮಗೆ ಬೇಕಾದುದು ಆನಂದನ ಎಣಿಕೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮತ್ತೆ ತೆಗೆದು ನೋಡಿದೆ. ಪರಿಮಿತ ಪರಿಗ್ರಹ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳನ್ನು ನಿರೀಕ್ಷಿಸಬಹುದು. ಅವುಗಳ ಜೊತೆಗೆ ಅತಿವಿಸ್ಮಯವೂ ಇದೆ. ಪರರ ಲಾಭವೈಭವಗಳನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು. ಬಣ್ಣದ ಪತ್ರಿಕೆಗಳಲ್ಲಿ ಅಪರಿಚಿತರ ನಡುಮನೆಗಳ ಚಿತ್ರ ನೋಡುತ್ತ ನಾವು ಕಳೆಯುವ ಗಳಿಗೆಗಳಿಗೆ ಇದಕ್ಕಿಂತ ನಿಖರವಾದ ಹೆಸರು ನನಗೆ ಗೊತ್ತಿಲ್ಲ. ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ಇನ್ನೆರಡು: ಅತಿಪ್ರಸಾಧನ, ಅಸಮೀಕ್ಷ್ಯಾಧಿಕರಣ. ಅಗತ್ಯ ಮೀರಿ ಉಪಭೋಗದ ಸಾಮಗ್ರಿಯನ್ನು ಕೂಡಿಹಾಕುವುದು ಒಂದು. ಪ್ರಯೋಜನವನ್ನು ವಿಚಾರಿಸದೆ ಕಾರ್ಯಕ್ಕೆ ಕೈಹಾಕುವುದು ಇನ್ನೊಂದು. “ಸಿಕ್ಕಿತು” ಎಂದು ನನ್ನ ಸೊಸೆ ಹೇಳಿದ ಮಾತಿನಲ್ಲಿ ಈ ಎರಡನೆಯದರ ಸುಳಿವಿದೆ. ಬೇಕಾಗಿತ್ತು, ಕೊಂಡೆ ಎನ್ನುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಎನ್ನುತ್ತೇವೆ. ಬೆಲೆ ಮೊದಲು ಬಂದು, ಅಗತ್ಯ ಅದರ ಹಿಂದೆ ಹುಟ್ಟಿಕೊಳ್ಳುತ್ತದೆ.

ಇದು ಮನಸ್ಸಿನ ಮಾತಾಯಿತು. ವಸ್ತುವಿನ ಒಳಗಿರುವ ಹಿಂಸೆಯ ಮಾತು ಬೇರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು, ಆರಂಭೀ ಹಿಂಸೆಯನ್ನು ಯತ್ನಾಚಾರದಿಂದ ಕನಿಷ್ಠಗೊಳಿಸಬೇಕು. ಮನೆ ಕಟ್ಟುವುದು, ಗುಡಿಸುವುದು, ಅಡಿಗೆ ಮಾಡುವುದು ಆರಂಭದೊಳಗೆ ಬರುತ್ತವೆ. ಬರೀ ನೋಟದ ಸೊಗಸಿಗಾಗಿ ಜೀವ ಹೋಗುವಲ್ಲಿ ಈ ವಿನಾಯಿತಿಯನ್ನು ಎಷ್ಟು ಹಿಗ್ಗಿಸಬಹುದು?

ಆ ಉರುಳಿಯನ್ನೇ ನೋಡಿ. ಸೋಸಿದ ನೀರಿಗೂ ನಮ್ಮ ಹಿರಿಯರು ಎರಡು ಗಳಿಗೆಯ, ಎಂದರೆ 48 ನಿಮಿಷಗಳ ಅವಧಿಯನ್ನಷ್ಟೇ ಕೊಟ್ಟಿದ್ದಾರೆ. ಹೂವಿನ ಎಸಳು ಕೊಳೆಯುತ್ತ ಮೂರು ದಿನ ನಿಂತ ನೀರಿನಲ್ಲಿ ಏನೆಲ್ಲ ಹುಟ್ಟಿ ಸಾಯುತ್ತದೆಂದು ತಿಳಿಯಲು ಶಾಸ್ತ್ರವೂ ಬೇಡ, ಸೊಳ್ಳೆಯ ಮರಿಗಳು ಬರಿಗಣ್ಣಿಗೇ ಕಾಣುತ್ತವೆ. ರೇಷ್ಮೆಯ ದಿಂಬುಗವುಸು ಈಗ ಸೀರೆಗಿಂತ ಅಗ್ಗ. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು, ಗೂಡನ್ನು ಬೇಯಿಸಿ ನೂಲು ಎಳೆಯುವ ಕ್ರಮ ಮಾತ್ರ ಬದಲಾಗಿಲ್ಲ. ಒಂದು ಕಿಲೋ ನೂಲಿಗೆ ಸಾವಿರಾರು ಗೂಡುಗಳು. ರಾಜಸ್ಥಾನದ ಕಡೆಯಿಂದ ಬರುವ ಬಿಳಿಯ ಕುಸುರಿಯ ಪೆಟ್ಟಿಗೆ, ಮೇಜುಗಳನ್ನು ಕೊಳ್ಳುವ ಮುನ್ನ ಆ ಬಿಳುಪು ಯಾವುದೆಂದು ಕೇಳಬೇಕು. ಬಹಳಷ್ಟು ಒಂಟೆ ಮೊದಲಾದ ಪ್ರಾಣಿಗಳ ಮೂಳೆ. ಮೈಸೂರಿನ ಬೀಟೆ ಮರದ ಕೆತ್ತನೆಗೆ ಹಿಂದೆ ಆನೆಯ ದಂತ ಕೂರಿಸುತ್ತಿದ್ದರು. ಕಾನೂನು ಬಿಗಿಯಾದ ಮೇಲೆ ಬೇರೆ ಬಣ್ಣದ ಮರಗಳ ಚೂರು, ಪ್ಲಾಸ್ಟಿಕ್ಕು ಆ ಜಾಗಕ್ಕೆ ಬಂದವು, ಕಲೆಯೇನೂ ಸಾಯಲಿಲ್ಲ. ದಂತವಾಣಿಜ್ಯವನ್ನು ಉಪಾಸಕದಶಾಂಗ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸಿದೆ. ಅದೇ ಪಟ್ಟಿಯಲ್ಲಿ ಲಾಕ್ಷಾವಾಣಿಜ್ಯವೂ ಇದೆ. ಲಾಕ್ಷೆ ಎಂದರೆ ಅರಗು. ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟು. ಕೆರೆದು ತೆಗೆದಾಗ ಕೀಟಗಳೂ ಜೊತೆಗೆ ಬರುತ್ತವೆ. ಮರದ ಸಾಮಾನಿನ ಸಾಂಪ್ರದಾಯಿಕ ಹೊಳಪು ಇದರದೇ. ಚನ್ನಪಟ್ಟಣದ ಆಟಿಕೆಯ ಬಣ್ಣವೂ ಇದರದೇ.

ಇನ್ನೊಂದು ಸಂಗತಿಯನ್ನು ಗೃಹಿಣಿಯರು ನನಗಿಂತ ಚೆನ್ನಾಗಿ ಬಲ್ಲರು. ಅಲಂಕಾರದ ವಸ್ತು ಹೆಚ್ಚಿದಷ್ಟೂ ಸಂದುಗೊಂದು ಹೆಚ್ಚು, ದೂಳು ಹೆಚ್ಚು, ಜೇಡ, ಇರುವೆ, ಬೆಳ್ಳಿಮೀನಿನಂಥ ಹುಳುಗಳ ವಾಸ ಹೆಚ್ಚು. ಆಮೇಲೆ ಹಬ್ಬದ ಮುನ್ನಾದಿನ ಪೊರಕೆ, ಔಷಧಿ. ಬರಿಯ ನೆಲವನ್ನು ಮೆತ್ತಗೆ ಗುಡಿಸಬಹುದು. ನಲವತ್ತು ಬೊಂಬೆಗಳ ಕಪಾಟನ್ನು ಯತ್ನಾಚಾರದಿಂದ ಒರೆಸುವವರನ್ನು ನಾನು ಕಂಡಿಲ್ಲ.

ಅಗ್ಗವಾದುದು ಹೇಗೆ ಅಗ್ಗವಾಯಿತೆಂಬ ಪ್ರಶ್ನೆಯೂ ಉಂಟು. ಉತ್ತರಪ್ರದೇಶದ ಭದೋಹಿ, ಮಿರ್ಜಾಪುರಗಳ ಕೈಮಗ್ಗದ ರತ್ನಗಂಬಳಿಗಳನ್ನು ಒಂದು ಕಾಲದಲ್ಲಿ ಎಳೆಯ ಮಕ್ಕಳ ಬೆರಳುಗಳು ಗಂಟುಹಾಕುತ್ತಿದ್ದವು. 1986ರ ಬಾಲಕಾರ್ಮಿಕ ಕಾಯಿದೆ ರತ್ನಗಂಬಳಿ ನೇಯ್ಗೆಯನ್ನು ಮಕ್ಕಳಿಗೆ ನಿಷೇಧಿಸಿತು. 1994ರಲ್ಲಿ ‘ರಗ್‌ಮಾರ್ಕ್’ ಎಂಬ ಗುರುತಿನ ಚೀಟಿ ಬಂತು, ಮಕ್ಕಳ ದುಡಿಮೆಯಿಲ್ಲದೆ ನೇಯ್ದದ್ದೆಂದು ಕೊಳ್ಳುವವನಿಗೆ ತಿಳಿಯಲಿ ಎಂದು. ಕೊಳ್ಳುವವನು ಕೇಳಿದ್ದರಿಂದಲೇ ಅಂಥ ಚೀಟಿಗೆ ಬೆಲೆ ಬಂತೆಂಬುದನ್ನು ಮರೆಯಬಾರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ಮಾಲನ್ನು ಕೊಳ್ಳುವುದೂ ಒಂದು. ಪುರಾತನವೆಂದು ಮಾರುವ ಕಂಚಿನ ಪ್ರತಿಮೆ ಯಾವ ಬಸದಿಯಿಂದ ಹೊರಟದ್ದೋ! ಜಿನಬಿಂಬವನ್ನು ಟೀಪಾಯಿಯ ಮೇಲೆ, ಕಾಫಿಯ ಲೋಟದ ಪಕ್ಕದಲ್ಲಿ ಇಟ್ಟಿರುವುದನ್ನು ನಾನು ನಮ್ಮವರ ಮನೆಯಲ್ಲಿಯೇ ಕಂಡಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ.

ಹಾಗೆಂದು ನನ್ನ ಸೊಸೆಯದೇ ತಪ್ಪೆಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಅವಳ ಹಳೆಯ ಚೌಕಟ್ಟಿಗಾಗಿ ಹೊಸದಾಗಿ ಒಂದು ಮರವೂ ಉರುಳಲಿಲ್ಲ. ನನ್ನ ತೇಗದ ಮಂಚಕ್ಕೆ ಉರುಳಿತು. ಬಿದಿರಿನ ಬುಟ್ಟಿಯ ಮುನ್ನೂರೈವತ್ತು ರೂಪಾಯಿ ಹೆಣೆದವರ ಕೈಗೇ ಹೋಗಿದೆ. ಅವಳ ಕಣ್ಣಿಗೆ ಸಂಸ್ಕಾರವಿದೆ, ಕೈಗೆ ಶ್ರಮದ ಅಭ್ಯಾಸವಿದೆ. ಇವೆರಡೂ ಇಲ್ಲದ ಶ್ರೀಮಂತಿಕೆಗಿಂತ ಇದು ಎಷ್ಟೋ ಮೇಲು. ಈಚೆಗೆ ಸಿರಿವಂತರಲ್ಲಿ ಬರಿದಾದ ಕೋಣೆಯೇ ಫ್ಯಾಷನ್ ಆಗಿದೆ. ಬಿಳಿಯ ಗೋಡೆ, ಒಂದೇ ಕುರ್ಚಿ, ಒಂದೇ ಕುಂಡ. ಅಪರಿಗ್ರಹವೆಂದು ನಮ್ಮವರು ಕೆಲವರು ಇದನ್ನು ಹೊಗಳುವುದುಂಟು. ಆ ಒಂದು ಕುರ್ಚಿಯ ಬೆಲೆಯನ್ನೂ, ಗೋಡೆಯ ಹಿಂದಿನ ಬೀರುಗಳ ಉದ್ದವನ್ನೂ ವಿಚಾರಿಸಿ ಹೊಗಳುವುದು ಒಳಿತು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಆ ಕಂಬಗಳ ನಡುವೆ ನಿಂತಾಗ ಆಗುವ ಸಂತೋಷ ಯಾರ ಮನೆಯ ನಡುಮನೆಯಲ್ಲಿಯೂ ನನಗೆ ಆದದ್ದಿಲ್ಲ; ಅದನ್ನು ಮನೆಗೆ ಕೊಂಡೊಯ್ಯಬೇಕೆಂದು ಒಂದು ಸಲವೂ ಅನ್ನಿಸಿಲ್ಲ. ನಮ್ಮ ಪೂರ್ವಿಕರು ಮನೆಯಲ್ಲಿ ಕಾವಿಯ ನೆಲ, ಒಂದು ದೀಪ, ಎರಡು ಚಾಪೆಗಳಲ್ಲಿ ತೃಪ್ತರಾಗಿ, ತಮ್ಮ ಸೌಂದರ್ಯದ ಹಸಿವನ್ನೆಲ್ಲ ಊರಿಗೆ ಸೇರಿದ ಕಲ್ಲಿನಲ್ಲಿ ತೀರಿಸಿಕೊಂಡರೋ ಏನೋ.

ಇದನ್ನೆಲ್ಲ ಸೊಸೆಗೆ ಒಂದು ದೀರ್ಘ ಪತ್ರದಲ್ಲಿ ಬರೆದೆ, ನನ್ನ ಏಳು ಗಡಿಯಾರಗಳ ಲೆಕ್ಕವನ್ನೂ ಸೇರಿಸಿ. ಅವಳು ಫೋನು ಮಾಡಿ, “ಹಾಗಾದರೆ ಎಲ್ಲವನ್ನೂ ಬಿಸಾಡಲೇ ಮಾವ?” ಎಂದು ಕೇಳಿದಳು. ಬಿಸಾಡಿದರೆ ಕಸದ ರಾಶಿ ಬೆಳೆಯುತ್ತದೆ, ತ್ಯಾಗ ಬೆಳೆಯುವುದಿಲ್ಲ, ಇರುವುದನ್ನು ಬಾಳಿಸು, ಎಣಿಸಿ ನಿಲ್ಲಿಸು ಎಂದೆ. ಕಾಲಾವಧಿಯ ನಿಯಮಕ್ಕೂ ಯಾವಜ್ಜೀವದ ಯಮಕ್ಕೂ ಇರುವ ಭೇದವನ್ನು ಕೇಳಿ ತಿಳಿದುಕೊಂಡು, ಒಂದು ವರ್ಷದ ನಿಯಮ ಹಿಡಿದಳು: ಮನೆಗೆ ಒಂದು ವಸ್ತು ಬಂದರೆ ಒಂದು ಹೊರಗೆ, ಅದೂ ಬಳಸುವವರ ಕೈಗೆ. ನಾನು ಬೆಲೆಯ ಮಿತಿಯ ಜೊತೆಗೆ ಎಣಿಕೆಯ ಮಿತಿಯನ್ನೂ ಬರೆದಿಟ್ಟಿದ್ದೇನೆ. ಕುರ್ಚಿ ಆರು, ಗಡಿಯಾರ ಒಂದು. ಉರುಳಿಯಲ್ಲಿ ಈಗ ನೀರಿಲ್ಲ, ಬೀಗದ ಕೈಗಳಿವೆಯಂತೆ.

ಚನ್ನಪಟ್ಟಣದ ಹಿಡಿಗಳ ವಿಷಯದಲ್ಲಿ ಮಾತ್ರ ನಾವಿಬ್ಬರೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅರಗಿನ ಕೀಟಗಳನ್ನು ನಾನು ಹೇಳಿದರೆ, ಕುಂದುತ್ತಿರುವ ಆ ಕಸುಬನ್ನು ನಂಬಿದ ಕುಟುಂಬಗಳನ್ನು ಅವಳು ಹೇಳುತ್ತಾಳೆ, ಪ್ಲಾಸ್ಟಿಕ್ಕಿನ ಹಿಡಿ ನದಿಗೆ ಸೇರಿದರೆ ಯಾವ ಜೀವ ಉಳಿಯುತ್ತದೆ ಎನ್ನುತ್ತಾಳೆ. ಬರುವ ದಶಲಕ್ಷಣ ಪರ್ವಕ್ಕೆ ಅವಳು ಊರಿಗೆ ಬರುತ್ತಾಳೆ. ಆಗ ಮತ್ತೆ ಕುಳಿತು ವಿಚಾರಿಸುವುದೆಂದು ಮಾತಾಗಿದೆ.